ಗಾಜಿನ ಮೇಲೆ ಒತ್ತಿದ ಕೈ

ಹನ್ನೊಂದು ವರ್ಷಗಳ ನಂತರ ತಂಗಿ ಬಂದು ಬಾಗಿಲಲ್ಲಿ ನಿಂತಾಗ ಗೇಣಕ್ಕ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಒದ್ದೆ ಮಾಡಿದ ಕುರಿಚರ್ಮವಿತ್ತು. ಅದನ್ನು ಮೇಜಿನ ಅಂಚಿಗೆ ಒತ್ತಿ ಎಳೆಯುತ್ತಿದ್ದಳು. ಇನ್ನೊಂದು ಎಳೆತಕ್ಕೆ ಹರಿಯುತ್ತದೆ ಅನ್ನುವ ಹದ ಬರುವವರೆಗೆ ಅದನ್ನು ಬಿಡುವ ಹಾಗಿರಲಿಲ್ಲ. ಬಂದವಳು ಯಾರೆಂದು ಹೆಜ್ಜೆಯ ಸದ್ದಿನಲ್ಲೇ ಗೊತ್ತಾಗಿತ್ತು.

"ಒಳಗೆ ಬರ್ಲಾ?" ಎಂದಳು ತಂಗಿ.

"ಬಾ. ಈ ಬಾಗಿಲಿಗೆ ಚಿಲಕ ಇಲ್ಲ."

ಮಾತು ಎಲ್ಲಿ ತಾಗಬೇಕಿತ್ತೋ ಅಲ್ಲಿಯೇ ತಾಗಿತು. ತಂಗಿಯ ಮುಖ ಕೆಂಪಾಯಿತು.

ಅದು ಚರ್ಮದ ಕೈಗವಸು ಮಾಡುವ ಜಾಗ. ಒಂದೇ ಉದ್ದನೆಯ ಕೋಣೆ, ಮೂರು ಮೇಜು, ಐದು ಹೊಲಿಗೆ ಯಂತ್ರ, ಯಜಮಾನರೂ ಸೇರಿ ಏಳು ಜನ. ಕುದುರೆ ಸವಾರರಿಗೆ, ಲಾರಿ ಓಡಿಸುವವರಿಗೆ, ಮದುವೆಗೆ ಹೋಗುವ ದೊಡ್ಡಮನುಷ್ಯರಿಗೆ ಅಳತೆ ತೆಗೆದು ಗವಸು ಹೊಲಿದುಕೊಡುತ್ತಿದ್ದರು. ಚರ್ಮ ಕತ್ತರಿಸುವ ಕೆಲಸ ಗೇಣಕ್ಕನದು. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಕತ್ತರಿಸಿದ ಗವಸು ಬಿಗಿಯಾಯಿತೆಂದು ಯಾರೂ ಹಿಂದಕ್ಕೆ ತಂದಿರಲಿಲ್ಲ. ವಯಸ್ಸು ಐವತ್ತೊಂದು, ಎತ್ತರ ನಾಲ್ಕಡಿಗೆ ಎರಡಂಗುಲ ಕಡಿಮೆ. ಮೇಜಿಗೆ ಎಟಕಲು ಹಲಗೆಯೊಂದರ ಮೇಲೆ ನಿಲ್ಲುತ್ತಿದ್ದಳು. ಬೆಳೆಸುವ ರಸ ಅವಳ ಮೈಯಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಕೈಕಾಲು ಮುಖ ಎಲ್ಲ ಅಚ್ಚುಕಟ್ಟಾಗಿಯೇ ಇತ್ತು, ಅಳತೆ ಮಾತ್ರ ಮಗುವಿನದು. ದನಿ ಕೂಡ ಮಗುವಿನ ಹಾಗೆ ಸಣ್ಣ. ಫೋನು ಎತ್ತಿಕೊಂಡರೆ ಆ ಕಡೆಯವರು "ಮನೇಲಿ ದೊಡ್ಡೋರಿಗೆ ಕೊಡಮ್ಮ" ಅನ್ನುತ್ತಿದ್ದರು. ಗೇಣಕ್ಕ ಎಂದು ಬೀದಿಯ ಪೋಲಿಗಳು ಇಟ್ಟ ಹೆಸರು. ಮೊದಮೊದಲು ಕಲ್ಲು ಬೀಸುತ್ತಿದ್ದಳು. ಆಮೇಲೆ, ಕೆಲಸಕ್ಕೆ ಸೇರಿದ ದಿನ ಹೆಸರೇನೆಂದು ಯಜಮಾನರು ಕೇಳಿದಾಗ, ತಾನಾಗಿ ಅದನ್ನೇ ಹೇಳಿದಳು. ತಾನೇ ಹೇಳಿಕೊಂಡ ಮೇಲೆ ಬೇರೆಯವರು ಹೇಳಿದರೆ ಚುಚ್ಚುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಆ ಲೆಕ್ಕ ಅರ್ಧ ಮಾತ್ರ ಸರಿಹೋಯಿತು.

ಚಿಲಕದ ಸಂಗತಿ ಹೀಗೆ. ತಂಗಿ ಎಲ್ಲರಂತೆ ಬೆಳೆದವಳು, ಲಕ್ಷಣವಾಗಿದ್ದವಳು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಇಂಥ ಅಕ್ಕ ಇದ್ದಾಳೆಂದು ತಿಳಿದರೆ ಸಂಬಂಧ ಮುರಿದುಹೋಗುತ್ತದೆಂದು ಅಮ್ಮ ಗೇಣಕ್ಕನನ್ನು ಉಗ್ರಾಣದಲ್ಲಿ ಕೂರಿಸಿದರು. ಅಮ್ಮ ಕೈಮುಗಿದು ಕೇಳಿಕೊಂಡಿದ್ದರಿಂದ ಅವಳು ಒಪ್ಪಿ ಕೂತಿದ್ದಳು. ಆದರೆ ಹೊರಗಿನಿಂದ ಚಿಲಕ ಎಳೆದವಳು ತಂಗಿ. ಕಬ್ಬಿಣದ ಚಿಲಕ ಸರಿಯುವ ಸದ್ದು ಒಳಗೆ ಕೇಳಿತು. ಒಪ್ಪಿ ಕೂತವಳಿಗೆ ಚಿಲಕ ಯಾಕೆ ಬೇಕಿತ್ತು? ಮದುವೆಯೂ ಅವಳಿಲ್ಲದೆ ಆಯಿತು. ಅಮ್ಮ ತೀರಿಕೊಂಡಾಗ ತಂಗಿ ಗಂಡನನ್ನು ಕರೆತರದೆ ಒಬ್ಬಳೇ ಬಂದಿದ್ದಳು. ಅಕ್ಕತಂಗಿ ಹೆಣದ ಆಚೆ ಈಚೆ ನಿಂತಿದ್ದರು, ಮಾತಾಡಲಿಲ್ಲ. ಅಷ್ಟಕ್ಕೆ ನಿಂತುಹೋಗಿತ್ತು.

"ಬಂದ ಕೆಲಸ ಹೇಳು," ಎಂದಳು ಗೇಣಕ್ಕ.

"ನಿನ್ನ ಕೈ ಬೇಕು."

"ಕೊಯ್ಕೊಂಡು ಹೋಗ್ತೀಯಾ?"

ಪಕ್ಕದ ಯಂತ್ರದಲ್ಲಿದ್ದ ಹೊಲಿಗೆಯವನು ಕಿಸಕ್ಕೆಂದ. ತಂಗಿ ಅವನ ಕಡೆ ನೋಡಿ ದನಿ ತಗ್ಗಿಸಿದಳು. "ನನ್ನ ಮಗಳಿಗೆ ಒಂಬತ್ತು ವರ್ಷ ತುಂಬ್ತು ಅಕ್ಕ. ಐದು ವರ್ಷದವಳ ಹಾಗಿದ್ದಾಳೆ."

ಗೇಣಕ್ಕನ ಕೈಯಲ್ಲಿದ್ದ ಚರ್ಮ ಹರಿಯಿತು. ಇಷ್ಟು ವರ್ಷದಲ್ಲಿ ಹರಿದದ್ದು ಅದೇ ಮೊದಲು ಇರಬೇಕು. ಅವಳು ಅದನ್ನು ಬುಟ್ಟಿಗೆ ಎಸೆದಳು.

ತಂಗಿ ಹೇಳಿದ್ದಿಷ್ಟು. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಹುಟ್ಟಿನಿಂದಲೇ ಬೆಳವಣಿಗೆಯ ಹಾರ್ಮೋನು ಇಲ್ಲದವರ ಬೆರಳುಗಳನ್ನು ಅಳೆಯುತ್ತಿದ್ದಾರೆ. ಔಷಧವನ್ನೇ ಕಾಣದೆ ವಯಸ್ಸಾದವರು ಅವರಿಗೆ ಬೇಕು, ಅಂಥವರು ಸಿಗುವುದು ಕಡಿಮೆ. ಮಗುವಿನ ಮನೆತನದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದಾಗ, ಅಕ್ಕ ಇದ್ದಾಳೆ ಎಂದು ತಂಗಿ ಹೇಳಿದ್ದಳು. ಆ ಅಕ್ಕ ಬಂದು ಕೈ ಅಳೆಸಿಕೊಂಡರೆ ಮಗುವಿನ ಚುಚ್ಚುಮದ್ದಿನ ವಿಚಾರ ತಾವು ನೋಡಿಕೊಳ್ಳುವುದಾಗಿ ಡಾಕ್ಟರು ಹೇಳಿದ್ದರು. ಚುಚ್ಚುಮದ್ದು ಎಲ್ಲರಿಗೂ ಕೂಡಲೇ ಸಿಗುತ್ತಿರಲಿಲ್ಲ. ಅದಕ್ಕೊಂದು ಪಟ್ಟಿ ಇತ್ತು.

"ನಿನ್ನ ಗಂಡನಿಗೆ ಗೊತ್ತಾ?"

"ಇಲ್ಲ. ನಿಮ್ಮ ಕಡೆ ಯಾರಾದ್ರೂ ಹೀಗಿದ್ದಾರಾ ಅಂತ ಕೇಳಿದ್ರು. ಇಲ್ಲ ಅಂದಿದ್ದೆ. ಅವರಿಗೆ ಗೊತ್ತಾಗಬಾರ್ದು. ನೀನು ಆಸ್ಪತ್ರೆಯ ಹಿಂದಿನ ಗೇಟಿಂದ ಬಂದ್ರೆ..."

"ಬೆರಳು ತೋರಿಸಿದ್ರೆ ಹಸ್ತ ನುಂಗೋ ಜಾತಿ ನೀನು," ಎಂದಳು ಗೇಣಕ್ಕ. "ಹೊರಡು."

ತಂಗಿ ಹೊರಟಳು. ಬಾಗಿಲ ಬಳಿ ತಿರುಗಿ, "ಮಗು ಬೆಳೆಯೋಕೆ ಇನ್ನು ನಾಲ್ಕೈದು ವರ್ಷ ಮಾತ್ರ ಇದೆಯಂತೆ. ಆಮೇಲೆ ಮೂಳೆ ಮುಚ್ಚಿಕೊಳ್ಳುತ್ತಂತೆ. ನನ್ನ ಮೇಲಿನ ಸಿಟ್ಟು ಅದರ ಮೇಲೆ ತೀರಿಸ್ಕೋ, ಬಿಡು," ಎಂದಳು.

ಮಾರನೆಯ ವಾರ ಗೇಣಕ್ಕ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಮುಂದಿನ ಗೇಟಿನಿಂದ.

ಅಳೆಯುವ ಕೋಣೆ ಎರಡನೇ ಮಹಡಿಯ ಕೊನೆಯಲ್ಲಿತ್ತು. ಕಿಟಕಿಯ ಬಳಿ ಸ್ಕ್ಯಾನರ್, ಅದರ ಪಕ್ಕ ಮರಳು ತುಂಬಿದ ಒಂದು ಚೀಲ. ನಡುವಿನ ಗಾಜಿನ ಗೋಡೆಯ ಆಚೆ ಬದಿಗೆ ಇನ್ನೊಂದು ಮೇಜು. ಅಲ್ಲಿ ಆಸ್ಪತ್ರೆಯ ಅಡುಗೆಯವರು, ಡ್ರೈವರು, ನರ್ಸುಗಳು ಸಾಲಾಗಿ ಕೂತಿದ್ದರು. ಎಲ್ಲರೂ ಸಾಮಾನ್ಯ ಎತ್ತರದವರು, ಹೋಲಿಸಿ ನೋಡುವುದಕ್ಕೆ ಕರೆಸಿದವರು. ಡಾಕ್ಟರಿಗೆ ನಲವತ್ತು ಇರಬಹುದು. ಅವರು ಗೇಣಕ್ಕನ ತಲೆಯ ಮೇಲಿಂದ, ಮೊದಲೇ ಬಂದು ಕಾಯುತ್ತಿದ್ದ ತಂಗಿಯ ಜೊತೆ ಮಾತಾಡಿದರು.

"ಇವರಿಗೆ ಓದೋಕೆ ಬರುತ್ತಾ?"

"ಇವರು ಇಲ್ಲೇ ಇದ್ದಾರೆ," ಎಂದಳು ಗೇಣಕ್ಕ. "ಇವರನ್ನೇ ಕೇಳಿ."

ಡಾಕ್ಟರು ನಕ್ಕರು. "ಓಹೋ, ಜೋರಿದೆಯಲ್ಲ! ಸರಿ, ಕೈ ಇಡು ಪುಟ್ಟ."

"ನನಗೆ ಐವತ್ತೊಂದು. ನಿಮಗೆಷ್ಟು?"

ನಗು ಹೋಯಿತು. ಅಲ್ಲಿಂದ ಮುಂದೆ ಅವರು ಅವಳನ್ನು ಪುಟ್ಟ ಅನ್ನಲಿಲ್ಲ, ಬೇರೇನೂ ಅನ್ನಲಿಲ್ಲ. ಸಹಾಯಕಿ ಹುಡುಗಿಗೆ "ಬರ್ಕೋ" ಎಂದು ಹೇಳಿ ಪ್ರಶ್ನೆ ಶುರುಮಾಡಿದರು. ಮದುವೆ ಆಗಿದೆಯಾ, ಮುಟ್ಟು ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಗಂಡಸಿನ ಸಹವಾಸ ಇದೆಯಾ. ಕೋಣೆಯ ಬಾಗಿಲು ತೆರೆದಿತ್ತು, ಆಚೆ ಮೇಜಿನ ಡ್ರೈವರು ಕುತ್ತಿಗೆ ಉದ್ದ ಮಾಡಿ ಕೇಳಿಸಿಕೊಳ್ಳುತ್ತಿದ್ದ. ಗೇಣಕ್ಕ ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತಳು. ಡ್ರೈವರನಿಗೂ ಇದೇ ಪ್ರಶ್ನೆ ಕೇಳುತ್ತೀರಾ ಅಂದಳು. ಇಲ್ಲ ಅಂದರು. ಹಾಗಾದರೆ ಇದಕ್ಕೆ ಉತ್ತರ ಇಲ್ಲ ಅಂದಳು.

"ಅಕ್ಕ..." ಎಂದಳು ತಂಗಿ ಹಲ್ಲು ಕಚ್ಚಿ.

ಬೆರಳಿನ ವಿಷಯವನ್ನು ಡಾಕ್ಟರು ತಂಗಿಗೆ ವಿವರಿಸಿದರು. ತೋರುಬೆರಳಿನ ಉದ್ದಕ್ಕೂ ಉಂಗುರಬೆರಳಿನ ಉದ್ದಕ್ಕೂ ಒಂದು ಲೆಕ್ಕವಿದೆ. ಉಂಗುರಬೆರಳು ನೂರಿದ್ದರೆ ತೋರುಬೆರಳು ತೊಂಬತ್ತೇಳೋ ತೊಂಬತ್ತೆಂಟೋ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ನಿಗದಿಯಾಗಿಬಿಡುತ್ತದೆ ಅನ್ನುತ್ತಾರೆ. ಹುಟ್ಟಿನಿಂದ ಹಾರ್ಮೋನು ಇಲ್ಲದವರಲ್ಲಿ ಆ ಲೆಕ್ಕ ಬೇರೆಯೇ ಎಂದು ತೋರಿಸುವುದು ತಮ್ಮ ಕೆಲಸ. ಈವರೆಗೆ ಮೂವತ್ತು ಜನರದು ಸಿಕ್ಕಿದೆ, ಎಲ್ಲರದೂ ತೊಂಬತ್ನಾಲ್ಕರ ಆಸುಪಾಸು. "ಇವರು ಹೊಟ್ಟೆಯೊಳಗೇ ಬೇರೆ ಥರ ಆಗಿರ್ತಾರೆ," ಎಂದರು, ಮಾರುಕಟ್ಟೆಯಲ್ಲಿ ಹಣ್ಣಿನ ಬುಟ್ಟಿ ತೋರಿಸುವವರ ಹಾಗೆ.

ಸಹಾಯಕಿ ಒಪ್ಪಿಗೆಯ ಹಾಳೆಗೆ ಸಹಿ ಹಾಕಿಸಿಕೊಂಡು, ಗೇಣಕ್ಕನ ಕೈಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟು, ಅಲುಗಬಾರದೆಂದು ಮೇಲೆ ಮರಳಿನ ಚೀಲ ಹೇರಿದಳು. ಬೆಳಕಿನ ಗೆರೆ ಅತ್ತಿಂದಿತ್ತ ಓಡಿತು. ಗೇಣಕ್ಕ ಆಚೆ ಮೇಜಿನ ಕಡೆ ನೋಡುತ್ತಿದ್ದಳು. ಅಲ್ಲಿ ಇನ್ನೊಬ್ಬ ಸಹಾಯಕ ಅಡುಗೆಯವಳ ಅಂಗೈಯನ್ನು ಗಾಳಿಯಲ್ಲಿ ಬಿಡಿಸಿ ಹಿಡಿದು, ಬೆರಳ ಬುಡದ ಗೆರೆಯಿಂದ ತುದಿಯವರೆಗೆ ಉಕ್ಕಿನ ವರ್ನಿಯರ್ ಅಳತೆಗೋಲು ಇಟ್ಟು ಅಳೆಯುತ್ತಿದ್ದ.

"ಅವರ ಕೈಗೆ ಯಾಕೆ ಗಾಜಿಲ್ಲ?" ಎಂದು ಕೇಳಿದಳು.

"ನಿಮ್ಮಂಥವರು ಬೇರೆ ಬೇರೆ ಊರಲ್ಲಿದ್ದಾರೆ. ಅಲ್ಲಿಂದ ಕೈಯ ಚಿತ್ರ ಕಳಿಸ್ತಾರೆ, ಚಿತ್ರದ ಮೇಲೆ ಅಳೀತೀವಿ. ಇವರೆಲ್ಲ ಇಲ್ಲೇ ಸಿಗ್ತಾರೆ, ನೇರವಾಗಿ ಅಳೀತೀವಿ. ಎರಡೂ ಒಂದೇ."

"ಒಂದೇ ಅಲ್ಲ."

"ಏನಂದ್ರಿ?"

"ಒತ್ತಿದ ಕೈ ಬೇರೆ, ಬಿಟ್ಟ ಕೈ ಬೇರೆ. ನಮ್ಮಲ್ಲಿ ಗವಸಿಗೆ ಅಳತೆ ತೆಗೆಯೋವಾಗ ಗಿರಾಕಿ ಕೈ ಒತ್ತಿ ಇಟ್ರೆ ಎತ್ತಿಸಿ ಮತ್ತೆ ಇಡಿಸ್ತೀವಿ. ಬೆರಳು ಸುಳ್ಳು ಹೇಳುತ್ತೆ."

"ನೋಡಿ," ಎಂದರು ಡಾಕ್ಟರು, ಕಡ್ಡಿ ತುಂಡು ಮಾಡಿದ ಹಾಗೆ. "ನೀವು ಬಂದಿರೋದು ಅಳೆಸ್ಕೊಳ್ಳೋಕೆ. ಅಳೆಯೋಕಲ್ಲ."

ಅವಳು ಚೀಲದಡಿಯಿಂದ ಕೈ ಎಳೆದುಕೊಂಡು ಎದ್ದು ಬಂದಳು. ಹೊರಗೆ ಬಂದಮೇಲೂ ಅಂಗೈಯಲ್ಲಿ ಮರಳಿನ ಭಾರ ಹಾಗೆಯೇ ಇತ್ತು.

ಆ ವಾರವೆಲ್ಲ ಅವಳಿಗೆ ಅದೇ ಧ್ಯಾನ. ಊಟದ ಬಿಡುವಿನಲ್ಲಿ ಯಜಮಾನರ ಮೇಜಿನ ಗಾಜನ್ನು ಎತ್ತಿ ತಂದು ಎರಡು ಸ್ಟೂಲುಗಳ ಮೇಲೆ ಇಟ್ಟಳು. ತಾನು ಕೆಳಗೆ ಕೂತು, ಹೊಲಿಗೆಯವನನ್ನು ಕರೆದು ಕೈ ಇಡು ಅಂದಳು.

"ಕೈ ನೋಡಿ ಭವಿಷ್ಯ ಹೇಳೋಕೆ ಯಾವಾಗ ಕಲಿತೆ?" ಎಂದ ಅವನು. "ನನಗೆ ಎರಡನೇ ಮದುವೆ ಯೋಗ ಇದೆಯಾ ನೋಡು."

"ಮೊದಲನೆಯವಳು ಇನ್ನೂ ಓಡಿಹೋಗಿಲ್ಲ ಅನ್ನೋದೇ ನಿನ್ನ ಯೋಗ. ಕೈ ಒತ್ತು."

ಮೊದಲು ಬಿಟ್ಟ ಕೈಯನ್ನು, ಚರ್ಮದ ದಪ್ಪ ನೋಡುವ ವರ್ನಿಯರ್ ಇಟ್ಟು ಅಳೆದಳು. ಆಮೇಲೆ ಗಾಜಿಗೆ ಒತ್ತಿಸಿ, ಕೆಳಗಿನಿಂದ ಬೆರಳ ಬುಡದ ಗೆರೆಗೂ ತುದಿಗೂ ಗುರುತು ಹಾಕಿ ಅಳೆದಳು. ಒತ್ತಿದಾಗ ಬೆರಳ ತುದಿಯ ಮಾಂಸ ಚಪ್ಪಟೆಯಾಗಿ ಮುಂದಕ್ಕೆ ಸರಿಯುತ್ತಿತ್ತು. ತೋರುಬೆರಳಿನದು ಒಂಚೂರು, ಉಂಗುರಬೆರಳಿನದು ಅದಕ್ಕಿಂತ ಹೆಚ್ಚು. ಯಾಕೆಂದು ಅವಳಿಗೂ ತಿಳಿಯಲಿಲ್ಲ, ಆದರೆ ಅಳೆದ ಆರು ಜನರಲ್ಲೂ ಹಾಗೆಯೇ ಆಯಿತು. ಗೊಣಗುತ್ತಲೇ ಯಜಮಾನರೂ ಕೈ ಇಟ್ಟರು. ಬಿಟ್ಟ ಕೈಯಲ್ಲಿ ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ಗಾಜಿನ ಮೇಲೆ ತೊಂಬತ್ಮೂರು, ತೊಂಬತ್ನಾಲ್ಕು, ತೊಂಬತ್ತೈದು. ಕಡೆಗೆ ಅವಳು ತನ್ನ ಕೈಯನ್ನು ಹೊಲಿಗೆಯವನಿಂದ ಅಳೆಸಿದಳು. ಬಿಟ್ಟ ಕೈ ತೊಂಬತ್ತೇಳು. ಒತ್ತಿದ ಕೈ ತೊಂಬತ್ನಾಲ್ಕು.

ಎಲ್ಲರಂತೆಯೇ.

ಖುಷಿಯಾಗಬೇಕಿತ್ತು, ಆದರೆ ಮೈಯೆಲ್ಲ ಉರಿಯಿತು. ಹೊಟ್ಟೆಯೊಳಗೇ ಬೇರೆ ಥರ ಅಂದಿದ್ದನಲ್ಲ! ಅವಳ ಬದುಕಿನಲ್ಲಿ ಬೇರೆಯಾದದ್ದು ಬೇಕಾದಷ್ಟಿತ್ತು. ಮೇಜು ಬೇರೆ, ಚಪ್ಪಲಿಯ ಅಂಗಡಿ ಬೇರೆ, ಬಸ್ಸಿನ ಕಂಬಿ ಬೇರೆ, ಅಮ್ಮನ ಲೆಕ್ಕದಲ್ಲಿ ಕೂರುವ ಕೋಣೆಯೇ ಬೇರೆ. ಇಲ್ಲದ ಒಂದು ಬೇರೆಯನ್ನು ಮರಳು ಹೇರಿ ಹುಟ್ಟಿಸುವುದಕ್ಕೆ ಇವನು ಯಾರು?

ಎರಡನೇ ಸಲ ಕರೆ ಬಂದದ್ದು ಮಗುವಿನ ಕೈಯನ್ನೂ ಅಳೆಯುವುದಕ್ಕೆ. ಆ ದಿನ ಗೇಣಕ್ಕ ತಂಗಿಯ ಮಗಳನ್ನು ಮೊದಲ ಬಾರಿಗೆ ನೋಡಿದಳು. ತನ್ನದೇ ಉಬ್ಬು ಹಣೆ, ತನ್ನದೇ ಗೊಂಬೆಯಂಥ ಕೈ. ಹುಡುಗಿ ಬೆಂಚಿನ ಮೇಲೆ ಕಾಲು ಆಡಿಸುತ್ತ ಅವಳನ್ನು ನಿರ್ದಾಕ್ಷಿಣ್ಯವಾಗಿ ನೋಡಿತು.

"ಆಂಟಿಗೆ ನಮಸ್ಕಾರ ಹೇಳು," ಎಂದಳು ತಂಗಿ.

"ಆಂಟಿ ಅಲ್ಲ," ಎಂದಳು ಗೇಣಕ್ಕ. "ನಿನ್ನ ಅಮ್ಮನ ಅಕ್ಕ ನಾನು. ಏನನ್ನಬೇಕು ಹೇಳು."

ಹುಡುಗಿ ಯೋಚಿಸಿತು. ಆಮೇಲೆ ಮುಖ ಅರಳಿಸಿ ಜೋರಾಗಿ ನಕ್ಕಿತು. "ದೊಡ್ಡಮ್ಮ! ನೀನು ದೊಡ್ಡಮ್ಮನಾ? ಇಷ್ಟುದ್ದ ದೊಡ್ಡಮ್ಮ!"

ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೇಣಕ್ಕ ನಗಲಿಲ್ಲ. ತಂಗಿ ಮಗಳ ತೋಳು ಚಿವುಟಿದಳು.

ಒಳಗೆ ಹೋದಮೇಲೆ ಗೇಣಕ್ಕ ತನ್ನ ಕಾಗದವನ್ನು ಮೇಜಿನ ಮೇಲಿಟ್ಟಳು. ಏಳು ಜನ, ಒಬ್ಬೊಬ್ಬರಿಗೆ ಎರಡೆರಡು ಅಳತೆ. ಡಾಕ್ಟರು ಕಣ್ಣಾಡಿಸಿದರು. ಪೂರ್ತಿ ಓದುವ ಮೊದಲೇ ಅದನ್ನು ಮಗುಚಿ ಇಟ್ಟರು.

"ಇದೇನಿದು?"

"ನೀವು ಅಡುಗೆಯವರ ಕೈಗೂ ಮರಳು ಹೇರಿ ನೋಡಿ. ಅವರೂ ಹೊಟ್ಟೆಯೊಳಗೇ ಬೇರೆ ಥರ ಆಗ್ತಾರೆ."

ಬಾಗಿಲು ತೆರೆದೇ ಇತ್ತು, ಆಚೆ ಮೇಜಿನ ಸಹಾಯಕ ಕೆಲಸ ನಿಲ್ಲಿಸಿದ. ಡಾಕ್ಟರ ಕಿವಿ ಕೆಂಪಾಯಿತು. "ಎರಡು ವರ್ಷದ ಕೆಲಸ ಇದು. ಗವಸು ಕತ್ತರಿಸೋರಿಂದ ನಾನು ಕಲಿಯಬೇಕಾ?" ಆಮೇಲೆ ತಂಗಿಯ ಕಡೆ ತಿರುಗಿ ಮೆತ್ತಗೆ ಹೇಳಿದರು. "ಇವರಿಗೆ ಸಹಕರಿಸೋ ಮನಸ್ಸಿಲ್ಲ ಅಂತ ಕಾಣುತ್ತೆ. ಹಾಗಾದ್ರೆ ಮಗುವಿನ ವಿಚಾರ ನಾನು ಮುಂದುವರಿಸೋದು ಕಷ್ಟ ಆಗುತ್ತೆ."

ತಂಗಿ ಗೇಣಕ್ಕನ ರಟ್ಟೆ ಹಿಡಿದು ಹೊರಗೆ ಎಳೆದಳು. "ಬಾಯಿ ಮುಚ್ಕೊಂಡು ಇರೋಕಾಗಲ್ವಾ ನಿನಗೆ? ನಿನ್ನ ಬೆರಳು ಉದ್ದ ಇದ್ರೆ ಏನು, ಗಿಡ್ಡ ಇದ್ರೆ ಏನು? ಕೈಯ ಐದು ಬೆರಳೇ ಸಮ ಇಲ್ಲ! ನನ್ನ ಮಗಳ ಬದುಕು ನಿನಗೆ ಆಟವಾ?"

"ರಟ್ಟೆ ಬಿಡು."

"ಬೇಕಂತಲೇ ಮಾಡ್ತಿದ್ದೀಯ. ಹೊಟ್ಟೆಕಿಚ್ಚು. ಅವಳು ಬೆಳೆದುಬಿಡ್ತಾಳೆ ಅಂತ!"

ಆ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಬೆಂಚಿನ ಮೇಲಿದ್ದ ಆ ಹುಡುಗಿಯನ್ನು ಕಂಡ ಕ್ಷಣ, ನನಗೆ ಸಿಗದ ಸೂಜಿ ಇದಕ್ಕೆ ಸಿಗುತ್ತದಲ್ಲ ಎಂದು ಗೇಣಕ್ಕನಿಗೆ ಅನಿಸಿತ್ತು. ಅವಳು ರಟ್ಟೆ ಕೊಸರಿಕೊಂಡು ಮೆಟ್ಟಿಲು ಇಳಿದು, ಕೆಳಗಿನ ಮಹಡಿಯಲ್ಲಿದ್ದ ಮಕ್ಕಳ ಡಾಕ್ಟರ ಕೋಣೆಗೆ ಹೋದಳು. ಮಗಳನ್ನು ಎಳೆದುಕೊಂಡು ತಂಗಿಯೂ ಬೆನ್ನಟ್ಟಿ ಬಂದಳು.

ಮಕ್ಕಳ ಡಾಕ್ಟರು ದಪ್ಪ ಕನ್ನಡಕದ ಹೆಂಗಸು. ಸಾಲು ಮುರಿದು ನುಗ್ಗಿದ್ದಕ್ಕೆ ಮೊದಲು ರೇಗಿದರು. "ಚುಚ್ಚುಮದ್ದಿನ ಪಟ್ಟಿ ಯಾರ ಕೈಲಿದೆ, ಅಷ್ಟು ಹೇಳಿ, ಹೋಗ್ತೀನಿ," ಎಂದಳು ಗೇಣಕ್ಕ.

"ನನ್ನ ಕೈಲಿ."

"ಬೆರಳು ಅಳೆಯೋ ಡಾಕ್ಟ್ರ ಕೈಲಿಲ್ವಾ?"

"ಅವರಿಗೂ ಇದಕ್ಕೂ ಏನು ಸಂಬಂಧ? ವಯಸ್ಸು, ಮೂಳೆಯ ಚಿತ್ರ, ರಕ್ತದ ವರದಿ, ಇಷ್ಟೇ ನಾನು ನೋಡೋದು." ಅವರು ಕಡತದಲ್ಲಿ ಮಗುವಿನ ಹೆಸರು ಹುಡುಕಿದರು. "ಇದೆಯಲ್ಲ ಇಲ್ಲೇ. ಮುಂದಿನ ತಿಂಗಳಿಂದ ಶುರು. ಯಾಕೆ, ಬೇರೆ ಏನಾದ್ರೂ ಹೇಳಿದ್ರಾ ನಿಮಗೆ?"

ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಬಾಯಿಂದ ಬಂದ ಪ್ರಶ್ನೆ ಬೇರೆಯೇ ಆಗಿತ್ತು. "ಡಾಕ್ಟ್ರೇ, ಇದು ನಮ್ಮ ಕಡೆಯಿಂದ ಬಂದಿದ್ದು, ಅಲ್ವಾ?"

"ನಿಮ್ಮ ಮಗಳದು ಎರಡೂ ಕಡೆಯಿಂದ ಬಂದಿರೋದು. ಒಂದೇ ಕಡೆಯಿಂದ ಬಂದಿದ್ರೆ ಅವಳು ನಿಮ್ಮ ಹಾಗೇ ಬೆಳೆದಿರೋಳು. ರಕ್ತದ ವರದಿಯಲ್ಲೇ ಇದೆ. ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ತಂಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಗಂಡನ ಮನೆಯಲ್ಲಿ ಒಂಬತ್ತು ವರ್ಷದಿಂದ ತಲೆ ತಗ್ಗಿಸಿ ಬಾಳಿದ್ದಳು. ಅತ್ತೆ ಮಗುವನ್ನು ಎತ್ತಿಕೊಂಡು "ಇದು ನಮ್ಮ ಕಡೆಯದಲ್ಲಪ್ಪ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮನೆಯಲ್ಲೂ ಯಾವ ಕಾಲದಲ್ಲೋ ಯಾರಿಗೋ ಒಂದು ಉಗ್ರಾಣ ಇತ್ತೋ ಏನೋ.

"ಒಂಬತ್ತು ವರ್ಷ ಅಕ್ಕ," ಎಂದಳು. "ಒಬ್ಬಳೇ ಹೊತ್ತೆ."

ಗೇಣಕ್ಕ ಪಕ್ಕದಲ್ಲಿ ಕೂರಲಿಲ್ಲ, ಎದುರಿಗೆ ನಿಂತಿದ್ದಳು. ತಂಗಿ ಕೂತಿದ್ದರಿಂದ ಇಬ್ಬರ ಕಣ್ಣು ಒಂದೇ ಮಟ್ಟಕ್ಕೆ ಬಂದಿತ್ತು.

"ನಿನ್ನ ಮುಖ ನೆನಪಾದಾಗಲೆಲ್ಲ ತಪ್ಪು ನಂದೇ ಅನಿಸ್ತಿತ್ತು," ಎಂದಳು ತಂಗಿ. "ಅದಕ್ಕೇ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ."

"ಈಗ ಆಗುತ್ತಾ?"

"ಇಲ್ಲ. ಅಭ್ಯಾಸ ಆಗಿಹೋಗಿದೆ."

"ನನಗೂ ಅಷ್ಟೇ," ಎಂದಳು ಗೇಣಕ್ಕ. ಮತ್ತೆ ಮಹಡಿ ಹತ್ತಿ ಹೋಗಿ, ತಾನು ಸಹಿ ಹಾಕಿದ ಒಪ್ಪಿಗೆಯ ಹಾಳೆ ಕೇಳಿ ಪಡೆದು, ಅದರ ಮೇಲೆ 'ಹಿಂದಕ್ಕೆ ತೆಗೆದುಕೊಂಡಿದ್ದೇನೆ' ಎಂದು ಬರೆದು ಕೊಟ್ಟಳು. ಚುಚ್ಚುಮದ್ದಿನ ಬಗ್ಗೆ ಅವಳು ಒಂದು ಅಕ್ಷರ ಎತ್ತುವ ಮೊದಲೇ ಬೆರಳು ಅಳೆಯುವ ಡಾಕ್ಟರು, "ನಾನು ಖಂಡಿತ ಕೊಡಿಸ್ತೀನಿ ಅಂತೇನೂ ಹೇಳಿರ್ಲಿಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹದಿನೈದು ದಿನ ಕಳೆದು ಅವರೇ ಕಾರ್ಖಾನೆಗೆ ಬಂದರು. ಮಧ್ಯಾಹ್ನದ ಹೊತ್ತು, ಯಂತ್ರಗಳೆಲ್ಲ ಓಡುತ್ತಿದ್ದವು. ಐವತ್ತು ದಾಟಿದ, ಔಷಧ ಮುಟ್ಟದ ಕೈ ತಮ್ಮ ಪಟ್ಟಿಯಲ್ಲಿ ಅವಳದೊಂದೇ ಎಂದು ಒಪ್ಪಿಕೊಂಡರು. "ಒಂದು ಸಹಿ ಹಾಕಿಬಿಡಿ. ವಿಜ್ಞಾನಕ್ಕೆ ಉಪಕಾರ ಆಗುತ್ತೆ. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತಾರಲ್ಲ..."

ಹೊಲಿಗೆಯವನು ಯಂತ್ರ ನಿಲ್ಲಿಸಿದ. ಆ ಗಾದೆಯನ್ನು ಗೇಣಕ್ಕನ ಎದುರು ಹೇಳಿದ ಗಿರಾಕಿಯೊಬ್ಬ ಗವಸಿಲ್ಲದೆ ವಾಪಸು ಹೋದದ್ದು ಅವನಿಗೆ ಗೊತ್ತಿತ್ತು.

ಗೇಣಕ್ಕ ಹಲಗೆಯಿಂದ ಇಳಿದಳು. ಗಾಜನ್ನು ಸ್ಟೂಲುಗಳ ಮೇಲೆ ಹೂಡಿದಳು. "ಕೈ ಕೊಡಿ."

"ಯಾಕೆ?"

"ಅಳೆಸ್ಕೊಳ್ಳೋಕೆ."

ಕೋಣೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಕೊಡದಿದ್ದರೆ ಹೆದರಿದ ಹಾಗೆ ಆಗುತ್ತದೆಂದೋ ಏನೋ, ಅವರು ಅಂಗಿಯ ತೋಳು ಮಡಿಸಿ ಕೈ ಚಾಚಿದರು. ಅವಳು ಅಳೆದಳು. ನಂಬಿಕೆ ಇಲ್ಲದಿದ್ದರೆ ನೀವೇ ಅಳೆದುಕೊಳ್ಳಿ ಎಂದು ವರ್ನಿಯರ್ ಅವರ ಕೈಗೇ ಕೊಟ್ಟಳು. ಅವರೂ ಅಳೆದರು. ತೊಂಬತ್ತೆಂಟು. ಆಮೇಲೆ ಗಾಜಿನ ಮೇಲೆ ಅವರ ಕೈ ಇರಿಸಿ, ಚರ್ಮದ ಸುರುಳಿಯೊಂದನ್ನು ಎತ್ತಿ ಹೇರಿದಳು. ಕೆಳಗೆ ಕೂತು ಗುರುತು ಹಾಕಿದಳು. ಅವರೂ ಮಂಡಿಯೂರಿ, ತಲೆ ಓರೆ ಮಾಡಿ, ತಮ್ಮ ಕೈಯನ್ನು ತಾವೇ ಕೆಳಗಿನಿಂದ ನೋಡಬೇಕಾಯಿತು. ತೊಂಬತ್ನಾಲ್ಕಕ್ಕೆ ಒಂದು ಕೂದಲಷ್ಟು ಹೆಚ್ಚು.

"ನಿಮ್ಮ ಪಟ್ಟಿ ಪ್ರಕಾರ ನೀವೂ ನಮ್ಮೋರೇ ಡಾಕ್ಟ್ರೇ," ಎಂದಳು ಗೇಣಕ್ಕ. "ಎತ್ತರ ಮಾತ್ರ ಎಲ್ಲಿಂದಲೋ ಕಡ ತಂದಿದ್ದೀರಿ."

ಕೋಣೆಯೆಲ್ಲ ನಕ್ಕಿತು. ಡಾಕ್ಟರು ಮಂಡಿಯ ಧೂಳು ಕೊಡವಿಕೊಂಡರು. ಅವರ ಕಣ್ಣಿನಲ್ಲಿ ಇದ್ದದ್ದು ನಾಚಿಕೆಯಲ್ಲ, ಶುದ್ಧ ದ್ವೇಷ. "ನೀವು ಗವಸು ಕತ್ತರಿಸ್ಕೊಂಡಿರಿ," ಎಂದು ಹೇಳಿ ಹೊರಟುಹೋದರು.

ಆದರೆ ಅಳತೆ ತಪ್ಪೆಂದು ತಿಳಿದಮೇಲೆ ತಿಳಿಯದವರ ಹಾಗೆ ಇರುವಷ್ಟು ಕೆಟ್ಟವರೂ ಅವರಲ್ಲ. ಇಲ್ಲವೇ, ಆಚೆ ಮೇಜಿನ ಸಹಾಯಕ ಎಲ್ಲಾದರೂ ಬಾಯಿ ಬಿಟ್ಟಾನೆಂಬ ಭಯವಿದ್ದಿರಬಹುದು. ಎರಡು ತಿಂಗಳ ನಂತರ ಆ ಮೂವತ್ತು ಜನರಿಗೂ ಗೇಣಕ್ಕನಿಗೂ ಅಚ್ಚು ಹಾಕಿದ ಚೀಟಿ ಬಂತು: ಮತ್ತೊಮ್ಮೆ ಅಳೆಯಬೇಕಿದೆ, ಆಸ್ಪತ್ರೆಗೆ ಬನ್ನಿ, ಈ ಬಾರಿ ಎಲ್ಲರನ್ನೂ ನೇರವಾಗಿ ಅಳೆಯಲಾಗುವುದು. ಕ್ಷಮೆಯ ಮಾತಿರಲಿಲ್ಲ. ಗೇಣಕ್ಕ ಹೋದಳು. ಡಾಕ್ಟರು ಖುದ್ದಾಗಿ ಅವಳ ಬೆರಳುಗಳನ್ನು ಮೂರು ಮೂರು ಸಲ ಅಳೆದರು. ಕೊನೆಗೆ ಅವರ ವರದಿ ಮೂರು ಪುಟಕ್ಕೆ ಇಳಿದಿತ್ತು. ಹುಟ್ಟಿನಿಂದ ಹಾರ್ಮೋನು ಇಲ್ಲದವರ ಬೆರಳಿನ ಲೆಕ್ಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದೇ ಅದರ ಸಾರ. ಸಹಾಯಕಿ ಹುಡುಗಿ ಅದರ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದಳು. 'ಅಳತೆಯ ವಿಧಾನವನ್ನು ನಡುವೆ ಬದಲಿಸಲಾಯಿತು' ಎಂದು ಅದರಲ್ಲಿ ಒಂದು ಸಾಲಿತ್ತು. ಯಾರು ಬದಲಿಸಿದರು, ಯಾಕೆ, ಏನೂ ಇರಲಿಲ್ಲ. ಹೊಲಿಗೆಯವನು ಅದನ್ನು ಗೋಡೆಗೆ ಅಂಟಿಸೋಣ ಅಂದ. ಗೇಣಕ್ಕ ಬೇಡ ಅಂದಳು.

ತಂಗಿಯ ಮನೆಯಲ್ಲಿ ಅಷ್ಟರಲ್ಲಿ ರಣರಂಗವಾಗಿತ್ತು. ರಕ್ತದ ವರದಿಯನ್ನು ಅವಳು ಅತ್ತೆಯ ಎದುರು ಓದಿ ಹೇಳಿದ್ದಳು. ಅತ್ತೆ ಅದನ್ನು ಸುಳ್ಳೆಂದರು, ಗಂಡ ಒಂದು ತಿಂಗಳು ಮಾತು ಬಿಟ್ಟ. ಅಕ್ಕನ ಸುದ್ದಿಯನ್ನು ಬಚ್ಚಿಟ್ಟದ್ದೂ ಹೊರಬಂತು. ಇದೆಲ್ಲದರ ನಡುವೆ ಚುಚ್ಚುಮದ್ದು ಬಂತು. ಪೆನ್ನಿನಂಥ ಸೂಜಿ. ದಿನಾ ಸಂಜೆ ತೊಡೆಗೆ ಚುಚ್ಚಬೇಕು. ತಂಗಿಯ ಕೈ ನಡುಗುತ್ತಿತ್ತು. ಎರಡು ಸಲ ಸೂಜಿ ಓರೆಯಾಗಿ ಮಗು ಕಿರುಚಿತು, ಮೂರನೇ ಸಲ ಮಂಚದ ಕೆಳಗೆ ಹೋಗಿ ಕೂತಿತು.

ತಂಗಿ ಫೋನು ಮಾಡಿದಳು. "ನಿನ್ನ ಕೈ ನಡುಗಲ್ಲ ಅಂತ ಗೊತ್ತು. ಬಂದು ಚುಚ್ಚು."

"ಕೇಳ್ತಿದ್ದೀಯೋ, ಅಪ್ಪಣೆ ಮಾಡ್ತಿದ್ದೀಯೋ?"

"ಕೇಳ್ತಿದ್ದೀನಿ."

ಹೀಗೆ ಗೇಣಕ್ಕ ದಿನಾ ಸಂಜೆ ಕೆಲಸ ಮುಗಿಸಿ ಆ ಮನೆಗೆ ಹೋಗತೊಡಗಿದಳು. ಅವಳನ್ನು ಕಂಡರೆ ಅತ್ತೆ ಒಳಗೆ ಎದ್ದು ಹೋಗುತ್ತಿದ್ದರು. ತಂಗಿ ಲೋಟದಲ್ಲಿ ಟೀ ತಂದಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಗು ಮೊದಲ ದಿನ ಅವಳ ಕೈ ಕಚ್ಚಿತು. ಎರಡನೇ ವಾರ, ತೊಡೆಗೆ ಸ್ಪಿರಿಟು ಒರೆಸುತ್ತಿದ್ದಾಗ, ಅವಳ ಮುಖವನ್ನೇ ದಿಟ್ಟಿಸಿ ಹೇಳಿತು:

"ನಾನು ನಿನ್ನ ಹಾಗೆ ಆಗಲ್ಲ."

ಗೇಣಕ್ಕ ಸೂಜಿಯ ತುದಿ ನೋಡಿಕೊಂಡಳು. "ಆಗ್ಬೇಡ," ಎಂದಳು. "ಕಾಲು ಸಡಿಲ ಬಿಡು."

ಚಳಿಗಾಲ ಕಳೆದು, ಬೇಸಿಗೆ ಕಳೆದು, ಮತ್ತೆ ಚಳಿಗಾಲ ಬಂತು. ಮಗುವಿನ ಲಂಗಗಳು ಒಂದೊಂದಾಗಿ ಗಿಡ್ಡವಾದವು. ಒಂದು ಸಂಜೆ ಅದು ಗೇಣಕ್ಕನ ಪಕ್ಕ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತು, ತನ್ನ ತಲೆಯ ಮೇಲೆ ಅಂಗೈಯನ್ನು ಮಟ್ಟವಾಗಿ ಹಿಡಿದು ಅವಳ ಕಡೆ ಸರಿಸಿತು. ಅಂಗೈ ಗೇಣಕ್ಕನ ಕೂದಲಿಗೂ ತಾಗದೆ ಮೇಲೆ ಹಾದುಹೋಯಿತು.

"ದಾಟಿದೆ," ಎಂದಿತು ಹುಡುಗಿ. ಅದರ ದನಿಯಲ್ಲಿ ಕರುಣೆಯಾಗಲಿ ಸಂಕೋಚವಾಗಲಿ ಇರಲಿಲ್ಲ.

ತನಗಾದದ್ದು ಸಂತೋಷವೋ ಸಂಕಟವೋ ಗೇಣಕ್ಕನಿಗೇ ತಿಳಿಯಲಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇರಲಿಲ್ಲ. ಪೆನ್ನಿನ ಸೂಜಿಯನ್ನು ಹುಡುಗಿಯ ಕೈಗೆ ಇಟ್ಟಳು.

"ದಾಟಿದೆಯಲ್ಲ. ಇನ್ನು ನೀನೇ ಚುಚ್ಕೋ."

"ನಂಗೆ ಬರಲ್ಲ."

"ನೇರ ಹಿಡಿ. ಓರೆ ಮಾಡ್ಬೇಡ."

ಹುಡುಗಿ ತಾಯಿಯ ಕಡೆ ನೋಡಿತು. ತಂಗಿ ಮುಂದೆ ಬರಹೊರಟವಳು ಅಕ್ಕನ ಮುಖ ಕಂಡು ನಿಂತಳು. ಹುಡುಗಿ ಹಲ್ಲು ಕಚ್ಚಿ, ಕಣ್ಣೀರು ತುಂಬಿಕೊಂಡು, "ನೀನು ಕೆಟ್ಟ ದೊಡ್ಡಮ್ಮ," ಎಂದು ಬೈಯುತ್ತಲೇ ಸೂಜಿಯನ್ನು ತೊಡೆಗೆ ಒತ್ತಿತು. ಗೇಣಕ್ಕ ಕೈ ಚಾಚಲಿಲ್ಲ. ಹತ್ತರವರೆಗೆ ಎಣಿಸಿ ಸೂಜಿ ತೆಗೆ ಎಂದಷ್ಟೇ ಹೇಳಿ, ತಾನೂ ಜೊತೆಗೆ ಎಣಿಸಿದಳು.